ಸುಡು ಎಂದರೂ ಸುಡದೆ ಉಳಿದ ಪತ್ರಗಳು: ಆಡಮ್ಸ್ ಮನೆತನದ ಕಾಗದಗಳು

1777ರ ಜುಲೈ 10. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಬ್ರೇನ್‌ಟ್ರೀ ಎಂಬ ಊರು. ತುಂಬು ಗರ್ಭಿಣಿಯೊಬ್ಬಳು ಫಿಲಡೆಲ್ಫಿಯದಲ್ಲಿರುವ ಗಂಡನಿಗೆ ಪತ್ರ ಬರೆಯುತ್ತಿದ್ದಾಳೆ. ನಲವತ್ತೆಂಟು ಗಂಟೆಗಳಿಂದ ಒಂದು ಗಳಿಗೆಯೂ ನೆಮ್ಮದಿಯಿಲ್ಲ ಎನ್ನುತ್ತಾಳೆ. ಬರೆಯುತ್ತಿರುವಾಗಲೇ ನೋವು ಏಳುತ್ತದೆ. ತಪ್ಪಿಸಿಕೊಳ್ಳಲಾಗದ್ದನ್ನು ಸಹಿಸುವುದಕ್ಕಾಗಿ ಈ ಕ್ಷಣ ಲೇಖನಿಯನ್ನು ಕೆಳಗಿಡಬೇಕಾಗಿದೆ ಎಂದು ಬರೆದು ನಿಲ್ಲಿಸುತ್ತಾಳೆ. ಮುಂದಿನ ಮಾತು ನೋವು ಇಳಿದ ಮೇಲೆ ಬರೆದದ್ದು: ಸಹಿಸಿದ್ದಾಯಿತು, ಮತ್ತೆ ಲೇಖನಿ ಹಿಡಿದಿದ್ದೇನೆ. ಅಲ್ಲಿಂದ ಪತ್ರ ಊರಿನ ಸುದ್ದಿಗೆ, ಏರುತ್ತಿರುವ ಬೆಲೆಗಳಿಗೆ ಹೊರಳುತ್ತದೆ.

ಬರೆದವಳು ಅಬಿಗೇಲ್ ಆಡಮ್ಸ್. ಆಗ ಅವಳಿಗೆ ಮೂವತ್ತೆರಡು ವರ್ಷ. ಗಂಡ ಜಾನ್ ಆಡಮ್ಸ್, ಮುಂದೆ ಅಮೆರಿಕದ ಎರಡನೆಯ ಅಧ್ಯಕ್ಷನಾದವನು. ಎರಡು ನೋವುಗಳ ನಡುವೆ ಬರೆದ ಆ ಹಾಳೆ ಸುಮಾರು 250 ವರ್ಷಗಳ ನಂತರವೂ ಬಾಸ್ಟನ್ ನಗರದಲ್ಲಿ ಭದ್ರವಾಗಿದೆ. ಅದು ಹೇಗೆ ಉಳಿಯಿತು? ಎಷ್ಟು ಕೈಗಳನ್ನು ದಾಟಿತು? ಅದನ್ನು ಓದಿ ಅಚ್ಚು ಹಾಕಿಸುವ ಕೆಲಸ ಹೇಗೆ ನಡೆಯುತ್ತದೆ? ಇಲ್ಲಿ ನಾನು ವಿವರಿಸಬೇಕೆಂದಿರುವುದು ಇಷ್ಟನ್ನು.

ಇತಿಹಾಸಕಾರರು ‘ಆಡಮ್ಸ್ ಪೇಪರ್ಸ್’ ಎನ್ನುವಾಗ ಅವರ ಮನಸ್ಸಿನಲ್ಲಿರುವುದು ಒಂದೇ ಮನೆಯ ಹಲವು ತಲೆಮಾರುಗಳ ಪತ್ರ, ದಿನಚರಿ, ಲೆಕ್ಕದ ಪುಸ್ತಕ, ಕರಡು, ಭಾಷಣ, ಕವಿತೆ ಎಲ್ಲವೂ ಸೇರಿದ ಒಂದು ರಾಶಿ. 1639ರಿಂದ 1889ರವರೆಗಿನ ಕಾಗದಗಳು ಅದರಲ್ಲಿವೆ. ಹಸ್ತಾಕ್ಷರದ ಪುಟಗಳೇ ಎರಡೂವರೆ ಲಕ್ಷಕ್ಕೂ ಹೆಚ್ಚು. ಮನೆತನದ ಮುಖ್ಯ ಹೆಸರುಗಳನ್ನು ಇಲ್ಲಿಯೇ ಹೇಳಿಬಿಟ್ಟರೆ ಮುಂದೆ ಗೊಂದಲವಾಗದು. ಮೊದಲ ತಲೆಮಾರು ಜಾನ್ ಮತ್ತು ಅಬಿಗೇಲ್. ಎರಡನೆಯದು ಅವರ ಮಗ, ಆರನೆಯ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಮತ್ತು ಅವನ ಹೆಂಡತಿ, ಲಂಡನ್ನಿನಲ್ಲಿ ಹುಟ್ಟಿದ ಲೂಯಿಸಾ ಕ್ಯಾಥರೀನ್. ಮೂರನೆಯದು ಅವರ ಮಗ ಚಾರ್ಲ್ಸ್ ಫ್ರಾನ್ಸಿಸ್, ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ರಾಯಭಾರಿಯಾಗಿದ್ದವನು. ನಾಲ್ಕನೆಯ ತಲೆಮಾರಿನಲ್ಲಿ ಇತಿಹಾಸಕಾರ ಹೆನ್ರಿ ಆಡಮ್ಸ್ ಮತ್ತು ಅವನ ಅಣ್ಣತಮ್ಮಂದಿರು.

ಇಂಥ ರಾಶಿ ತಾನಾಗಿ ಉಳಿಯುವುದಿಲ್ಲ. ಬೆಂಕಿ, ನೀರು, ಹುಳು, ಮನೆ ಬದಲಾವಣೆ ಎಲ್ಲವೂ ಕಾಗದದ ಶತ್ರುಗಳೇ. ಆದರೆ ಎಲ್ಲಕ್ಕಿಂತ ದೊಡ್ಡ ಶತ್ರು ಮನೆಯವರ ಸಂಕೋಚ. ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಸತ್ತ ಮೇಲೆ ಅವನ ಹೆಂಡತಿ ಮಾರ್ತಾ ತಮ್ಮಿಬ್ಬರ ಪತ್ರಗಳನ್ನು ಸುಟ್ಟುಹಾಕಿದಳು. ಕೈತಪ್ಪಿ ಉಳಿದವು ಬೆರಳೆಣಿಕೆಯಷ್ಟು. ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ ಕೂಡ ಹೆಂಡತಿಯೊಂದಿಗಿನ ತನ್ನ ಪತ್ರಗಳನ್ನು ಉಳಿಸಲಿಲ್ಲ. ಈ ಇಬ್ಬರ ರಾಜಕೀಯದ ಬಗ್ಗೆ ನಮಗೆ ಬೇಕಾದಷ್ಟು ಗೊತ್ತು, ಅವರ ಮನೆಯ ಒಳಗಿನ ಮಾತು ಮಾತ್ರ ಕೇಳಿಸುವುದಿಲ್ಲ. ಇವರ ನಡುವೆ ಅಧಿಕಾರ ನಡೆಸಿದ ಜಾನ್ ಆಡಮ್ಸ್ ಮತ್ತು ಅವನ ಹೆಂಡತಿ ಪರಸ್ಪರ ಬರೆದ ಪತ್ರಗಳಾದರೋ ಸಾವಿರದ ನೂರಕ್ಕೂ ಹೆಚ್ಚು ಉಳಿದಿವೆ.

ಉಳಿದದ್ದೇಕೆ ಎಂಬುದಕ್ಕೆ ಉತ್ತರ ಅದೇ ಪತ್ರಗಳಲ್ಲಿದೆ. ಅಬಿಗೇಲ್‌ಗೆ ತನ್ನ ಬರವಣಿಗೆಯ ಬಗ್ಗೆ ಅಳುಕಿತ್ತು. ಶಾಲೆಗೆ ಹೋಗಿ ಕಲಿತವಳಲ್ಲ, ಕಾಗುಣಿತ ಸರಿಯಿಲ್ಲ, ವಿರಾಮಚಿಹ್ನೆಗಳ ಹಂಗೇ ಇಲ್ಲ. ನನ್ನ ಪತ್ರಗಳನ್ನು ಸುಟ್ಟುಬಿಡು ಎಂದು ಗಂಡನಿಗೆ ಹೇಳುತ್ತಿದ್ದಳು. 1776ರ ಏಪ್ರಿಲ್ 28ರ ಪತ್ರದಲ್ಲಿ ಜಾನ್ ಉತ್ತರಿಸುತ್ತಾನೆ: ‘ನಿನ್ನ ಪತ್ರಗಳನ್ನು ಸುಡು ಎನ್ನುತ್ತೀಯ. ಅದಕ್ಕೆ ಮೊದಲು ನಾನು ನಿನ್ನನ್ನೇ ಮರೆಯಬೇಕಾಗುತ್ತದೆ.’ ಇಡೀ ಸಂಗ್ರಹಕ್ಕೆ ಅಡಿಗಲ್ಲು ಬಿದ್ದದ್ದು ಈ ಎರಡು ವಾಕ್ಯಗಳಲ್ಲಿ ಎಂದು ನನಗೆ ಅನ್ನಿಸುತ್ತದೆ.

ಐದು ವಾರಗಳ ನಂತರ, ಜೂನ್ 2ರಂದು, ಅವನು ಇನ್ನೊಂದು ಹೆಜ್ಜೆ ಮುಂದಿಟ್ಟ. ಇಪ್ಪತ್ತು ವರ್ಷಗಳಿಂದ ಪತ್ರ ಬರೆಯುತ್ತಿದ್ದರೂ ಒಂದರ ನಕಲನ್ನೂ ಇಟ್ಟುಕೊಂಡಿಲ್ಲ, ಇದರಿಂದ ತೊಂದರೆಯಾಗಿದೆ ಎಂದು ಹೆಂಡತಿಗೆ ಬರೆದ. ದೊಡ್ಡ ಅಳತೆಯ ಖಾಲಿ ಪುಸ್ತಕವೊಂದನ್ನು ಕೊಂಡಿದ್ದೇನೆ, ಈ ಪತ್ರವನ್ನು ಅದರಲ್ಲಿಯೇ ಬರೆಯುತ್ತಿದ್ದೇನೆ ಎಂದ. ನಿನಗೂ ಒಂದು ಪುಸ್ತಕ ಕೊಡುವ ಮನಸ್ಸಿದೆ, ಕಾಪಾಡಲು ನನ್ನ ಪತ್ರಗಳಿಗಿಂತ ನಿನ್ನವೇ ಹೆಚ್ಚು ಯೋಗ್ಯ ಎಂದೂ ಸೇರಿಸಿದ. ಒಂದು ತಿಂಗಳಲ್ಲಿ ಬ್ರಿಟನ್ನಿನಿಂದ ಅಮೆರಿಕದ ಸ್ವಾತಂತ್ರ್ಯ ಘೋಷಣೆಯಾಗಲಿದೆ, ಆಡಮ್ಸ್ ಹಗಲಿರುಳು ಸಭೆಗಳಲ್ಲಿ ಮುಳುಗಿದ್ದಾನೆ. ಅಂಥ ಹೊತ್ತಿನಲ್ಲಿ ನಕಲು ಪುಸ್ತಕದ ಯೋಚನೆ! ಆ ದಿನಗಳು ಮುಂದೆ ಲೆಕ್ಕಕ್ಕೆ ಬರಲಿವೆ ಎಂಬುದು ಅವನಿಗೆ ಹೊಳೆದಿರಬೇಕು.

ಈ ನಕಲು ಪುಸ್ತಕದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ಪತ್ರಸಂಗ್ರಹಗಳನ್ನು ಅರ್ಥಮಾಡಿಕೊಳ್ಳುವ ಬೀಗದ ಕೈ ಅದು. ಯಾರಾದರೂ ಪತ್ರ ಬರೆದು ಕಳಿಸಿದರೆ ಅದು ಅವರ ಕೈಬಿಟ್ಟು ಹೋಗುತ್ತದೆ. ಹೀಗಾಗಿ ನನ್ನ ಮನೆಯ ಪೆಟ್ಟಿಗೆಯಲ್ಲಿ ಇರುವುದು ನಾನು ಬರೆದ ಪತ್ರಗಳಲ್ಲ, ನನಗೆ ಬಂದ ಪತ್ರಗಳು. ನಾನು ಬರೆದವು ಬೇರೆಯವರ ಮನೆಯಲ್ಲಿ ಇರಬೇಕು, ಅವರು ಇಟ್ಟುಕೊಂಡಿದ್ದರೆ ಮಾತ್ರ. ಆದ್ದರಿಂದ ಒಂದೇ ಪತ್ರ ಹಲವು ರೂಪಗಳಲ್ಲಿ ಸಿಗಬಹುದು: ಕಾಟು ಹೊಡೆದು ತಿದ್ದಿದ ಕರಡು, ಬರೆದವನು ತನಗಾಗಿ ಇಟ್ಟುಕೊಂಡ ನಕಲು, ನಿಜವಾಗಿ ಅಂಚೆಯಲ್ಲಿ ಹೋಗಿ ತಲುಪಿದ ಪ್ರತಿ. ಸಮುದ್ರ ದಾಟಬೇಕಾದ ಪತ್ರವಾದರೆ ಎರಡು ಮೂರು ಪ್ರತಿ ಮಾಡಿ ಬೇರೆ ಬೇರೆ ಹಡಗುಗಳಲ್ಲಿ ಕಳಿಸುತ್ತಿದ್ದರು, ಒಂದು ಮುಳುಗಿದರೂ ಇನ್ನೊಂದು ಸೇರಲಿ ಎಂದು. ಈ ಪ್ರತಿಗಳು ಪದಕ್ಕೆ ಪದ ಒಂದೇ ಆಗಿರುತ್ತವೆ ಎನ್ನುವಂತಿಲ್ಲ. ಕನ್ನಡದಲ್ಲಿ ಗ್ರಂಥಸಂಪಾದನೆಯ ಪರಿಚಯವಿದ್ದವರಿಗೆ ಪಾಠಾಂತರದ ತಲೆನೋವನ್ನು ಬೇರೆ ವಿವರಿಸಬೇಕಿಲ್ಲ.

ಗಂಡ ಹೆಂಡತಿಯ ಪತ್ರಗಳಿಗೆ ಇದರಿಂದ ಒಂದು ವಿಶೇಷ ಅನುಕೂಲವಾಯಿತು. ಇಬ್ಬರೂ ಒಂದೇ ಮನೆಯವರಾದ್ದರಿಂದ ಅವಳು ಕಳಿಸಿದ್ದು, ಅವನು ಕಳಿಸಿದ್ದು ಎರಡೂ ಕೊನೆಗೆ ಒಂದೇ ಸೂರಿನಡಿ ಸೇರಿದವು. ಸಂಭಾಷಣೆಯ ಎರಡೂ ಬದಿ ನಮಗೆ ಕೇಳಿಸುತ್ತದೆ. ಆಗ ಲಕೋಟೆಯ ಬಳಕೆ ಇರಲಿಲ್ಲ. ಹಾಳೆಯನ್ನೇ ಮಡಚಿ, ಅರಗಿನ ಮುದ್ರೆ ಹಾಕಿ, ಹೊರಬದಿಗೆ ವಿಳಾಸ ಬರೆಯುತ್ತಿದ್ದರು. ಓದಿದ ಮೇಲೆ ಮತ್ತೆ ಮಡಚಿ ಯಾರಿಂದ ಬಂದದ್ದೆಂದು ಮೇಲೆ ಗುರುತು ಹಾಕಿ ಎತ್ತಿಡುವುದು ವಾಡಿಕೆ. ಹೆಂಡತಿಯ ಅನೇಕ ಪತ್ರಗಳ ಮೇಲೆ ಜಾನ್ ಬರೆದ ಗುರುತು ‘ಪೋರ್ಷಿಯಾ’ ಎಂಬ ಒಂದೇ ಪದ. ರೋಮಿನ ಬ್ರೂಟಸ್‌ನ ಹೆಂಡತಿಯ ಹೆಸರನ್ನು ಅಬಿಗೇಲ್ ತನ್ನ ಸಹಿಯಾಗಿ ಇಟ್ಟುಕೊಂಡಿದ್ದಳು.

ಗುಟ್ಟಿನ ಬರವಣಿಗೆಯ ಮಾತೂ ಇಲ್ಲಿ ಬರುತ್ತದೆ. ಯುದ್ಧಕಾಲದಲ್ಲಿ ಪತ್ರಗಳು ಶತ್ರುಗಳ ಕೈ ಸೇರುವ ಭಯವಿತ್ತು. ಅಮೆರಿಕದ ಪ್ರತಿನಿಧಿ ಸಭೆಯಾದ ಕಾಂಗ್ರೆಸ್ಸಿನ ಸದಸ್ಯ ಜೇಮ್ಸ್ ಲವೆಲ್ ಒಂದು ಗೂಢಲಿಪಿ ಕಟ್ಟಿ ಆಡಮ್ಸ್ ದಂಪತಿಗೆ ಕಳಿಸಿದ. ಜಾನ್‌ಗೆ ಅದು ಕೊನೆಯವರೆಗೂ ಒಲಿಯಲಿಲ್ಲ. ಅಬಿಗೇಲ್‌ಗಂತೂ ಯಾವ ಬಗೆಯ ಗೂಢಲಿಪಿಯೂ ಹಿಡಿಸದು, ಹಾಗೆಂದು ಲವೆಲ್‌ಗೆ ನೇರವಾಗಿ ಬರೆದಳು.

ಈ ಸಂಗ್ರಹದಲ್ಲಿ ಜಗತ್ತಿಗೆಲ್ಲ ಗೊತ್ತಿರುವ ಪತ್ರ 1776ರ ಮಾರ್ಚ್ 31ರದು. ಹೊಸ ಕಾನೂನು ಮಾಡುವಾಗ ಹೆಂಗಸರನ್ನು ನೆನಪಿಡಿ, ಗಂಡಂದಿರ ಕೈಗೆ ಅಂಕೆಯಿಲ್ಲದ ಅಧಿಕಾರ ಕೊಡಬೇಡಿ ಎಂದು ಅಬಿಗೇಲ್ ಕೇಳಿದ್ದು ಅದರಲ್ಲಿ. ಈ ಸಾಲು ಭಾಷಣಗಳಲ್ಲಿ, ಪಠ್ಯಪುಸ್ತಕಗಳಲ್ಲಿ ಬಿಡಿಯಾಗಿ ಓಡಾಡುತ್ತಿದೆ. ನಾನೂ ಬಹಳ ಕಾಲ ಅಷ್ಟನ್ನೇ ತಿಳಿದುಕೊಂಡಿದ್ದೆ. ಪೂರ್ತಿ ಪತ್ರವನ್ನು ಓದಿದ ದಿನ ಅದು ಬೇರೆಯೇ ಆಗಿ ಕಂಡಿತು.

ಬ್ರಿಟಿಷ್ ಸೈನ್ಯ ಬಾಸ್ಟನ್ ಬಿಟ್ಟು ಹೋಗಿ ಆಗಿನ್ನೂ ಎರಡು ವಾರ. ಪಟ್ಟಣದಲ್ಲಿದ್ದ ತಮ್ಮ ಮನೆಯಲ್ಲಿ ಯಾವುದೋ ಸೈನ್ಯದ ವೈದ್ಯ ಇದ್ದು ಹೋಗಿದ್ದಾನೆ, ಕೊಳಕು ಬಿಟ್ಟರೆ ಬೇರೇನೂ ಹಾಳಾಗಿಲ್ಲ ಎಂದು ಅಬಿಗೇಲ್ ವರದಿ ಮಾಡುತ್ತಾಳೆ. ಸಿಡುಬಿನ ಭಯವಿದೆ. ಹೊರಗಿನಿಂದ ಬಟ್ಟೆ ಬರುವುದು ನಿಂತಿರುವುದರಿಂದ ಮನೆಯವರ ಮೈ ಮುಚ್ಚುವಷ್ಟನ್ನು ತಾನೇ ಸಿದ್ಧಪಡಿಸಬೇಕು. ಸೋಪು ಕಾಯಿಸಬೇಕು. ಕೋವಿಮದ್ದಿನ ಪುಡಿಗೆ ಏನೇನು ಎಷ್ಟೆಷ್ಟು ಬೆರೆಸಬೇಕೆಂಬ ಸಣ್ಣ ಹಸ್ತಪ್ರತಿಯೊಂದನ್ನು ಓದಿದ್ದಾಳೆ. ಒಂದು ತಿಂಗಳ ಹಿಂದೆ ಬಿತ್ತಿದರೆ ಕೊಯ್ಯುತ್ತೇವೋ ಇಲ್ಲವೋ ಎಂಬ ಅನುಮಾನವಿತ್ತು. ಈಗ ಬಿಸಿಲು ಹೆಚ್ಚು ಬೆಳಗುತ್ತಿದೆ, ಹಕ್ಕಿಗಳು ಇನ್ನಷ್ಟು ಇಂಪಾಗಿ ಹಾಡುತ್ತಿವೆ ಎನ್ನಿಸುತ್ತದೆ. ಪತ್ರದ ಮೊದಲ ಭಾಗದಲ್ಲಿಯೇ ವರ್ಜೀನಿಯದ ಜನರ ಬಗ್ಗೆ ಒಂದು ಗುದ್ದು: ಇತರರ ಸ್ವಾತಂತ್ರ್ಯವನ್ನು ಕಿತ್ತುಕೊಂಡು ಬದುಕುವ ಅಭ್ಯಾಸವಿರುವವರ ಎದೆಯಲ್ಲಿ ಸ್ವಾತಂತ್ರ್ಯದ ಹಂಬಲ ಅಷ್ಟೇ ಗಟ್ಟಿಯಾಗಿ ಇರಬಲ್ಲದೆ ಎಂದು ಕೇಳುತ್ತಾಳೆ. ಗುಲಾಮಗಿರಿಯ ಮೇಲೆ ಬಂದ ಪ್ರಶ್ನೆ ಅದು. ಹೆಂಗಸರ ಮಾತು ಬರುವುದು ಇದೆಲ್ಲದರ ನಡುವೆ. ಮನೆಯನ್ನೂ ಹೊಲವನ್ನೂ ಯುದ್ಧದ ಆತಂಕವನ್ನೂ ಒಬ್ಬಳೇ ಹೊತ್ತವಳು ಕೇಳಿದ ಹಕ್ಕು ಅದು. ಆ ಸಾಲನ್ನು ಕತ್ತರಿಸಿ ಚೌಕಟ್ಟು ಹಾಕಿದರೆ ಅದರ ಹಿಂದಿನ ದುಡಿಮೆ ಕಾಣಿಸುವುದಿಲ್ಲ.

ಜಾನ್‌ನ ಉತ್ತರ ಏಪ್ರಿಲ್ 14ರದು. ನಿನ್ನ ಈ ಅಸಾಮಾನ್ಯ ಕಾನೂನಿನ ಬಗ್ಗೆ ನಗದೆ ಬೇರೆ ದಾರಿಯಿಲ್ಲ ಎಂದ. ಅವಳು ಅದನ್ನು ನಕ್ಕು ಬಿಡಲಿಲ್ಲ. ಗೆಳತಿ ಮರ್ಸಿ ಓಟಿಸ್ ವಾರೆನ್‌ಗೆ ದೂರಿಕೊಂಡಳು; ಮೇ 7ರಂದು ಗಂಡನಿಗೇ ಮರಳಿ ಬರೆದು, ನೀವು ಹೆಂಗಸರ ವಿಷಯದಲ್ಲಿ ಅಷ್ಟೇನೂ ಉದಾರಿಗಳಲ್ಲ ಎಂದಳು. ಈ ಪತ್ರಗಳೆಲ್ಲ ಉಳಿದಿರುವುದರಿಂದ ನಮಗೆ ಸಿಗುವುದು ಘೋಷಣೆಯಲ್ಲ, ಗಂಡ ಹೆಂಡತಿಯ ಜೀವಂತ ವಾಗ್ವಾದ. ಅದರಲ್ಲಿ ಯಾರ ಮಾತಿಗೆ ತೂಕ ಹೆಚ್ಚು ಎಂದು ಇಂದು ಓದುವವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಎರಡನೆಯ ತಲೆಮಾರಿನ ಕಾಣಿಕೆ ದಿನಚರಿ. 1779ರ ನವೆಂಬರ್ 12ರಂದು ಹನ್ನೆರಡು ವರ್ಷದ ಜಾನ್ ಕ್ವಿನ್ಸಿ, ಅಪ್ಪನೊಂದಿಗೆ ಫ್ರಾನ್ಸಿಗೆ ಹಡಗು ಹತ್ತುವ ಹೊತ್ತಿನಲ್ಲಿ, ಒಂದು ಪುಟ್ಟ ಪುಸ್ತಕದಲ್ಲಿ ಬರೆಯತೊಡಗಿದ. ಹಡಗು ನಡುದಾರಿಯಲ್ಲಿ ಸೋರಿ ಸ್ಪೇನಿನ ಫೆರೋಲ್ ಬಂದರಿಗೆ ಹೋಗಿ ನಿಂತಿತು. ಅಲ್ಲಿಂದ ಚಳಿಗಾಲದಲ್ಲಿ ಬೆಟ್ಟಗಾಡುಗಳನ್ನು ದಾಟಿ ಪ್ಯಾರಿಸ್ ಸೇರಿದರು. ಹುಡುಗ ಬರೆಯುವುದನ್ನು ಬಿಡಲಿಲ್ಲ. ರಾಯಭಾರಿಯಾದ, ವಿದೇಶಾಂಗ ಕಾರ್ಯದರ್ಶಿಯಾದ, ಅಧ್ಯಕ್ಷನಾದ, ಅದಾದ ಮೇಲೆ ಸಾಮಾನ್ಯ ಜನಪ್ರತಿನಿಧಿಯಾಗಿ ಹದಿನೇಳು ವರ್ಷ ಗುಲಾಮಗಿರಿಯ ಬೆಂಬಲಿಗರೊಂದಿಗೆ ಸೆಣಸಿದ. 1848ರ ಫೆಬ್ರವರಿ 21ರಂದು ಸದನದಲ್ಲಿಯೇ ಕುಸಿದುಬಿದ್ದು ಎರಡು ದಿನಗಳಲ್ಲಿ ಸತ್ತ. ದಿನಚರಿ ಬಹುಮಟ್ಟಿಗೆ ಅಲ್ಲಿಯವರೆಗೂ ಬರುತ್ತದೆ. 51 ಸಂಪುಟ, ಹದಿನಾಲ್ಕು ಸಾವಿರಕ್ಕೂ ಹೆಚ್ಚು ಪುಟ. ಪ್ರತಿದಿನ ಒಂದೇ ಸಾಲು ಬರೆದಿಟ್ಟ ಚಿಕ್ಕ ಪುಸ್ತಕಗಳೂ ಅದರಲ್ಲಿವೆ. 2009ರಲ್ಲಿ, ಅವನು ರಷ್ಯಾಕ್ಕೆ ಹೊರಟ ದಿನದಿಂದ ಸರಿಯಾಗಿ ಇನ್ನೂರು ವರ್ಷಗಳಿಗೆ, ಆ ಒಂದೊಂದು ಸಾಲನ್ನು ದಿನಕ್ಕೊಂದರಂತೆ ಟ್ವಿಟರ್‌ನಲ್ಲಿ ಹಾಕತೊಡಗಿದರು.

ಅವನ ಹೆಂಡತಿ ಲೂಯಿಸಾ ಬಹಳ ಕಾಲ ಈ ಮನೆತನದ ಕಥೆಯಲ್ಲಿ ಮೂಲೆಯಲ್ಲಿದ್ದಳು. 1815ರ ಫೆಬ್ರವರಿಯಲ್ಲಿ, ಏಳು ವರ್ಷದ ಮಗ ಚಾರ್ಲ್ಸ್ ಫ್ರಾನ್ಸಿಸ್‌ನನ್ನು ಕಟ್ಟಿಕೊಂಡು, ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಪ್ಯಾರಿಸ್‌ಗೆ ಗಾಡಿಯಲ್ಲಿ ನಲವತ್ತು ದಿನ ಪ್ರಯಾಣ ಮಾಡಿದವಳು ಅವಳು. ಎಲ್ಬಾ ದ್ವೀಪದಿಂದ ನೆಪೋಲಿಯನ್ ತಪ್ಪಿಸಿಕೊಂಡು ಬರುತ್ತಿದ್ದ ಹೊತ್ತು. ಅವನ ಸೈನಿಕರು ಅವಳ ರಷ್ಯನ್ ಗಾಡಿಯನ್ನು ಸುತ್ತುವರಿದರು. ಫ್ರೆಂಚ್ ಭಾಷೆ ನೀರು ಕುಡಿದಷ್ಟು ಸಲೀಸಾಗಿ ಬರುತ್ತಿದ್ದುದರಿಂದ ಪಾರಾದಳು. ಆ ಪ್ರಯಾಣದ ಕಥನವನ್ನೂ ತನ್ನ ಬದುಕಿನ ನೆನಪುಗಳನ್ನೂ ಮುಂದೆ ಬರೆದಿಟ್ಟಳು. ಒಂದು ನೆನಪಿನ ಬರಹಕ್ಕೆ ಅವಳೇ ಕೊಟ್ಟ ಹೆಸರಿನಲ್ಲಿ ತನ್ನನ್ನು ‘ಯಾರೂ ಅಲ್ಲದವಳು’ ಎಂದು ಕರೆದುಕೊಂಡಿದ್ದಾಳೆ.

ಆ ಗಾಡಿಯಲ್ಲಿದ್ದ ಹುಡುಗನೇ ಮನೆತನದ ಕಾಗದಗಳ ಮೊದಲ ಸಂಪಾದಕನಾದ. ಚಾರ್ಲ್ಸ್ ಫ್ರಾನ್ಸಿಸ್ 1840ರಲ್ಲಿ ಅಜ್ಜಿಯ ಪತ್ರಗಳನ್ನು ಅಚ್ಚು ಹಾಕಿಸಿದ. ಅಮೆರಿಕದಲ್ಲಿ ಅಂಥ ಕೆಲಸ ಆಗ ಅಪರೂಪ. ಅಜ್ಜನ ಬರಹಗಳನ್ನು ಹತ್ತು ಸಂಪುಟಗಳಲ್ಲಿ, ಅಪ್ಪನ ದಿನಚರಿಯನ್ನು ಹನ್ನೆರಡು ಸಂಪುಟಗಳಲ್ಲಿ ತಂದ. ಪುಸ್ತಕಗಳಿಗೂ ಕಾಗದಗಳಿಗೂ ಬೆಂಕಿ ತಾಗದ ಕಟ್ಟಡ ಬೇಕೆಂಬುದು ಅಪ್ಪ ಉಯಿಲಿನಲ್ಲಿ ಬರೆದಿಟ್ಟ ಆಸೆಯಾಗಿತ್ತು. ಅದರಂತೆ 1870ರಲ್ಲಿ ಮ್ಯಾಸಚೂಸೆಟ್ಸ್‌ನ ಕ್ವಿನ್ಸಿ ಎಂಬ ಊರಿನಲ್ಲಿದ್ದ ಮನೆಯ ತೋಟದಲ್ಲಿ ಕಲ್ಲಿನ ಗ್ರಂಥಾಲಯ ಕಟ್ಟಿಸಿದ. ಮರದ ಮನೆಯಿಂದ ದೂರವಾಗಿ ನಿಂತ ಆ ಕಟ್ಟಡ ಇಂದಿಗೂ ಇದೆ.

ಅವನ ಋಣ ದೊಡ್ಡದು. ಆದರೆ ಅವನ ಕತ್ತರಿಯೂ ಚುರುಕಾಗಿತ್ತು. ಅಜ್ಜಿಯ ಕಾಗುಣಿತವನ್ನು ತಿದ್ದಿದ, ವಾಕ್ಯಗಳಿಗೆ ಇಸ್ತ್ರಿ ಹಾಕಿದ, ತೀರ ಮನೆವಾರ್ತೆ ಎನಿಸಿದ್ದನ್ನು ಬಿಟ್ಟ. ಅಪ್ಪನ ದಿನಚರಿಯಲ್ಲಿ ಸಂಸಾರದ ಸುಖದುಃಖಗಳು ಹೆಚ್ಚುಕಡಿಮೆ ಮಾಯವಾಗಿ ರಾಜಕಾರಣ ಮಾತ್ರ ಉಳಿಯಿತು. ಮನೆಯ ಹಿರಿಯರು ಸಭ್ಯವಾಗಿ ಕಾಣಬೇಕೆಂಬ ಆಸೆ ಅರ್ಥವಾಗುವಂಥದೇ. ಹಾಗಿದ್ದರೂ ಸೂಜಿ ಸಿಗುತ್ತಿಲ್ಲ, ಗುಂಡುಸೂಜಿಯ ಬೆಲೆ ಗಗನಕ್ಕೇರಿದೆ, ಒಂದು ಕಟ್ಟು ಕಳಿಸು ಎಂದು ಯುದ್ಧದ ನಡುವೆ ಕೇಳುವ ಅಬಿಗೇಲ್ ಬೇಕು ನನಗೆ. ಗಂಡ ಯುರೋಪಿನಿಂದ ಕಳಿಸಿದ ಕರವಸ್ತ್ರ, ಬಟ್ಟೆಬರೆಗಳನ್ನು ಮಾರಿ ಮನೆ ನಡೆಸಿದ ಅಬಿಗೇಲ್ ಬೇಕು. ಅವಳು ಸಿಗುವುದು ತಿದ್ದದ ಮೂಲದಲ್ಲಿ.

ಆ ಮೂಲ ಹೊರಗಿನವರಿಗೆ ಸಿಗಲು ಬಹಳ ಕಾಲ ಹಿಡಿಯಿತು. 1791ರಲ್ಲಿ ಹುಟ್ಟಿದ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿ ಅಮೆರಿಕದ ಮೊದಲ ಇತಿಹಾಸ ಸಂಸ್ಥೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾಗದಗಳು ಕ್ವಿನ್ಸಿಯಿಂದ ಬಾಸ್ಟನ್ನಿನ ಬಾಯ್ಲ್‌ಸ್ಟನ್ ಬೀದಿಯಲ್ಲಿರುವ ಅದರ ಕಟ್ಟಡಕ್ಕೆ ಬಂದವು. ಆದರೆ ಒಡೆತನ ಮನೆತನದ್ದೇ. 1905ರಲ್ಲಿ ಐವತ್ತು ವರ್ಷಗಳ ಅವಧಿಗೆ ಒಂದು ಟ್ರಸ್ಟ್ ಮಾಡಿ ಬಾಗಿಲಿಗೆ ಬೀಗ ಹಾಕಿದರು. ವಿದ್ವಾಂಸರು ಬಾಗಿಲ ಹೊರಗೆ ಕಾದರು. ಅವಧಿ ಮುಗಿಯುವ ಹೊತ್ತಿಗೆ ಮನಸ್ಸು ಬದಲಾಗಿತ್ತು. 1956ರಲ್ಲಿ ಇಡೀ ಸಂಗ್ರಹವನ್ನು ಸೊಸೈಟಿಗೆ ದಾನವಾಗಿ ಬರೆದುಕೊಟ್ಟರು. ಅಷ್ಟರಲ್ಲಿ ಪ್ರತಿ ಪುಟದ ಛಾಯಾಚಿತ್ರ ತೆಗೆಯುವ ಕೆಲಸ ಶುರುವಾಗಿತ್ತು. 1954ರಿಂದ 1959ರವರೆಗೆ 608 ಸುರುಳಿ ಮೈಕ್ರೋಫಿಲ್ಮ್ ಸಿದ್ಧವಾಯಿತು. ಬೀಗ ಹಾಕಿದ್ದ ಕೋಣೆ ಒಮ್ಮೆಲೇ ಹಲವು ನಗರಗಳ ಗ್ರಂಥಾಲಯಗಳಲ್ಲಿ ತೆರೆದಂತಾಯಿತು.

ಜೊತೆಗೆ ಅಚ್ಚಿನ ಕೆಲಸವೂ ಆರಂಭವಾಯಿತು. ಲೈಮನ್ ಬಟರ್‌ಫೀಲ್ಡ್ ಮೊದಲ ಪ್ರಧಾನ ಸಂಪಾದಕ. 1961ರಲ್ಲಿ ಜಾನ್ ಆಡಮ್ಸ್‌ನ ದಿನಚರಿ ಮತ್ತು ಆತ್ಮಕಥನದ ನಾಲ್ಕು ಸಂಪುಟಗಳು ಬಂದವು. ಅಧಿಕಾರದಲ್ಲಿದ್ದ ಅಧ್ಯಕ್ಷ ಜಾನ್ ಕೆನೆಡಿ ಅವುಗಳಿಗೆ ಇತಿಹಾಸ ಪತ್ರಿಕೆಯೊಂದರಲ್ಲಿ ವಿಮರ್ಶೆ ಬರೆದ. ಈವರೆಗೆ ಐವತ್ತಕ್ಕೂ ಹೆಚ್ಚು ಸಂಪುಟಗಳಾಗಿವೆ, ಕೆಲಸ ಇನ್ನೂ ನಡೆಯುತ್ತಿದೆ. ಇಷ್ಟು ನಿಧಾನವೇಕೆ ಎಂದು ಯಾರಾದರೂ ಕೇಳಬಹುದು. ಒಂದೇ ಒಂದು ಉದಾಹರಣೆ ಸಾಕು.

1780ರ ಮೇ ತಿಂಗಳಲ್ಲಿ ಪ್ಯಾರಿಸ್‌ನಿಂದ ಜಾನ್ ಬರೆದ ಮಾತು ಬಹಳ ಪ್ರಸಿದ್ಧ. ನಾನು ರಾಜಕೀಯ ಮತ್ತು ಯುದ್ಧವನ್ನು ಓದಬೇಕು, ನನ್ನ ಮಕ್ಕಳು ಗಣಿತ ಮತ್ತು ತತ್ತ್ವಶಾಸ್ತ್ರ ಓದುವಂತಾಗಲಿ ಎಂದು. ಅವರು ಗಣಿತ, ಭೂಗೋಳ, ನೌಕಾಶಾಸ್ತ್ರ, ವಾಣಿಜ್ಯ, ಕೃಷಿ ಓದಬೇಕು, ಅವರ ಮಕ್ಕಳಿಗೆ ಚಿತ್ರಕಲೆ, ಕಾವ್ಯ, ಸಂಗೀತ ಕಲಿಯುವ ಹಕ್ಕು ಬರಲಿ ಎಂದು. ಮೂರು ತಲೆಮಾರುಗಳ ಮೆಟ್ಟಿಲು ಕಟ್ಟಿಟ್ಟ ಹಾಗಿದೆ. ಸಂಪಾದಕರು ಹಸ್ತಪ್ರತಿಯನ್ನು ಕಣ್ಣಿಟ್ಟು ನೋಡಿ ಒಂದು ಸಂಗತಿಯನ್ನು ದಾಖಲಿಸಿದ್ದಾರೆ. ಜಾನ್ ಮೊದಲು ತನ್ನ ಮಕ್ಕಳು ಓದಲಿ ಎಂದು ಬರೆದದ್ದು ‘ಚಿತ್ರಕಲೆ ಮತ್ತು ಕಾವ್ಯ’ವನ್ನು. ಆಮೇಲೆ ಅದನ್ನು ಹೊಡೆದುಹಾಕಿ ‘ಗಣಿತ ಮತ್ತು ತತ್ತ್ವಶಾಸ್ತ್ರ’ ಎಂದು ತಿದ್ದಿದ. ಕಲೆಯ ಸುಖ ತನ್ನ ಮಕ್ಕಳಿಗೇ ಸಿಗಲಿ ಎಂದು ಕೈ ಬರೆದದ್ದನ್ನು ಮನಸ್ಸು ತಡೆಯಿತು; ದೇಶ ಇನ್ನೂ ಕಟ್ಟಬೇಕು, ಅದು ಮೊಮ್ಮಕ್ಕಳಿಗೆ ಇರಲಿ ಎಂದುಕೊಂಡ. ಆ ಕಾಟಿನ ಅಡಿಯಲ್ಲಿ ಒಬ್ಬ ತಂದೆ ಕಾಣುತ್ತಾನೆ. ಹಳೆಯ ಶೈಲಿಯಲ್ಲಿ ನಯವಾಗಿ ಅಚ್ಚು ಹಾಕಿದ್ದರೆ ಆ ತಂದೆ ನಮಗೆ ಸಿಗುತ್ತಿರಲಿಲ್ಲ.

ತಿದ್ದುಪಡಿ ಉಲ್ಟಾ ದಿಕ್ಕಿನಲ್ಲಿಯೂ ನಡೆಯುತ್ತದೆ. 1776ರ ಜುಲೈ 3ರಂದು ಜಾನ್ ಹೆಂಡತಿಗೆ ಬರೆದ: ಜುಲೈ ಎರಡನೆಯ ದಿನವನ್ನು ಮುಂದಿನ ಪೀಳಿಗೆಗಳು ಮೆರವಣಿಗೆ, ದೀಪಾಲಂಕಾರಗಳಿಂದ ಹಬ್ಬವಾಗಿ ಆಚರಿಸುತ್ತವೆ. ಕಾಂಗ್ರೆಸ್ ಸ್ವಾತಂತ್ರ್ಯದ ಪರವಾಗಿ ಮತ ಹಾಕಿದ್ದು ಎರಡನೆಯ ತಾರೀಖು. ಘೋಷಣೆಯ ಪಠ್ಯಕ್ಕೆ ಒಪ್ಪಿಗೆ ಸಿಕ್ಕಿದ್ದು ನಾಲ್ಕರಂದು. ಜನ ಹಬ್ಬ ಮಾಡಿದ್ದು ನಾಲ್ಕರಂದು. ಆದ್ದರಿಂದ ಹಿಂದೆ ಈ ಪತ್ರವನ್ನು ಪ್ರಕಟಿಸಿದವರು ‘ಎರಡನೆಯ’ ಎಂಬುದನ್ನು ‘ನಾಲ್ಕನೆಯ’ ಎಂದು ಮಾಡಿ, ಪತ್ರದ ತಾರೀಖನ್ನು ಜುಲೈ 5ಕ್ಕೆ ಎಳೆದಿದ್ದರು. ಮೂಲ ಹಾಳೆ ಉಳಿದಿರದಿದ್ದರೆ ಆ ಸುಳ್ಳೇ ಸತ್ಯವಾಗಿ ನಿಲ್ಲುತ್ತಿತ್ತು.

ಇಷ್ಟು ದೊಡ್ಡ ಸಂಗ್ರಹದಲ್ಲಿಯೂ ಕೇಳಿಸದ ದನಿಗಳಿವೆ. ಅಬಿಗೇಲ್‌ನ ತಂದೆಯ ಮನೆಯಲ್ಲಿ ಫೀಬಿ ಎಂಬ ಗುಲಾಮ ಹೆಂಗಸು ಇದ್ದಳು. 1783ರಲ್ಲಿ ಆತ ಸತ್ತಾಗ ಉಯಿಲಿನ ಮೂಲಕ ಅವಳಿಗೆ ಬಿಡುಗಡೆಯಾಯಿತು. ಮರುವರ್ಷ ಅಬಿಗೇಲ್ ಯುರೋಪಿಗೆ ಹೋದಾಗ ಆಡಮ್ಸ್ ಮನೆಯನ್ನು ನೋಡಿಕೊಂಡವಳು ಇದೇ ಫೀಬಿ. ಅವಳ ಬದುಕು ನಮಗೆ ತಿಳಿಯುವುದು ಹೆಚ್ಚಾಗಿ ಇತರರ ಪತ್ರಗಳ ನಡುವೆ ಬಂದುಹೋಗುವ ಒಂದೆರಡು ಸಾಲುಗಳಿಂದ. ಜಾನ್ ಆಡಮ್ಸ್ ಎಂದೂ ಗುಲಾಮರನ್ನು ಇಟ್ಟುಕೊಳ್ಳಲಿಲ್ಲ, ಅಬಿಗೇಲ್ ಗುಲಾಮಗಿರಿಯನ್ನು ಖಂಡಿಸಿದಳು, ಇದೆಲ್ಲ ನಿಜ. ಆದರೂ ಬರೆಯುವ ಬಿಡುವು, ಕಾಗದ, ಪತ್ರ ಎತ್ತಿಡುವ ಪೆಟ್ಟಿಗೆ ಎಲ್ಲರಿಗೂ ಇರಲಿಲ್ಲ. ಇನ್ನೊಂದು ಕಡೆ, ಎಲ್ಲವೂ ಇದ್ದು ಸುಟ್ಟವರೂ ಇದೇ ಮನೆಯಲ್ಲಿದ್ದರು. ನಾಲ್ಕನೆಯ ತಲೆಮಾರಿನ ಹೆನ್ರಿ, ಹೆಂಡತಿ 1885ರಲ್ಲಿ ಆತ್ಮಹತ್ಯೆ ಮಾಡಿಕೊಂಡ ಮೇಲೆ, ತನ್ನ ಹಳೆಯ ದಿನಚರಿಗಳನ್ನು ಓದಿ ನಾಶಮಾಡಿದ. ಮುತ್ತಜ್ಜ ಸುಡಲೊಲ್ಲೆ ಎಂದ ಮನೆಯ ಇತಿಹಾಸಕಾರ ಅವನು. ಅವನ ದುಃಖದ ಮುಂದೆ ನಾನು ಅವನನ್ನು ದೂರಲಾರೆ.

ಈ ಕಾಗದಗಳನ್ನು ಓದಲು ಈಗ ಬಾಸ್ಟನ್‌ಗೆ ಹೋಗಬೇಕಿಲ್ಲ. ಸೊಸೈಟಿ ತನ್ನ ಜಾಲತಾಣದಲ್ಲಿ ಜಾನ್ ಮತ್ತು ಅಬಿಗೇಲ್ ಪತ್ರಗಳ ಚಿತ್ರಗಳನ್ನೂ ಜಾನ್ ಕ್ವಿನ್ಸಿಯ ದಿನಚರಿಯ ಪುಟಗಳನ್ನೂ ಇಟ್ಟಿದೆ. 2013ರಲ್ಲಿ ಅಮೆರಿಕದ ರಾಷ್ಟ್ರೀಯ ದಾಖಲೆ ಭಂಡಾರ ಶುರು ಮಾಡಿದ ‘ಫೌಂಡರ್ಸ್ ಆನ್‌ಲೈನ್’ ತಾಣದಲ್ಲಿ ಆಡಮ್ಸ್, ವಾಷಿಂಗ್ಟನ್, ಜೆಫರ್ಸನ್ ಮುಂತಾದವರ ಪತ್ರಗಳು ಅಡಿಟಿಪ್ಪಣಿ ಸಹಿತ ಉಚಿತವಾಗಿ ಸಿಗುತ್ತವೆ. ಕನ್ನಡಿಗರಿಗೆ ಈ ಕಾಲ ತೀರ ಪರಕೀಯವೂ ಅಲ್ಲ. ಇಂಗ್ಲಿಷರ ವಿರುದ್ಧ ಮೈಸೂರಿನ ಹೈದರ್ ಅಲಿ ಹೋರಾಡುತ್ತಿದ್ದ ಸುದ್ದಿ ಆ ಕರಾವಳಿಗೂ ಮುಟ್ಟಿತ್ತು. ಪೆನ್ಸಿಲ್ವೇನಿಯದವರು ತಮ್ಮ ಯುದ್ಧನೌಕೆಗೆ ‘ಹೈದರ್ ಅಲಿ’ ಎಂದೇ ಹೆಸರಿಟ್ಟರು. ಅದು 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಹನ್ನೊಂದು ದಿನಗಳ ನಂತರ ಸಮುದ್ರದ ಈಚೆ ದಡದಲ್ಲಿ ಡಚ್ಚರು ಜಾನ್ ಆಡಮ್ಸ್‌ನ ಪ್ರಯತ್ನದಿಂದ ಅಮೆರಿಕಕ್ಕೆ ಮಾನ್ಯತೆ ಕೊಟ್ಟರು.

ಓದಲು ಹೊರಡುವವರಿಗೆ ನನ್ನದೊಂದು ಸಲಹೆ. ಸ್ವಾತಂತ್ರ್ಯ ಘೋಷಣೆಯಿಂದ ಆರಂಭಿಸಬೇಡಿ. 1777ರ ಜುಲೈ ತಿಂಗಳಿಗೆ ಹೋಗಿ, ತಾರೀಖಿನ ಕ್ರಮದಲ್ಲಿ ಓದಿ. ಜುಲೈ 9ರಂದು ಅಬಿಗೇಲ್, ಹಿಂದಿನ ರಾತ್ರಿ ಮೈ ನಡುಕ ಬಂದಿತು, ಒಂದು ಜೀವ ಹೋಗಿರಬಹುದೆಂಬ ಭಯವಾಗುತ್ತಿದೆ ಎಂದು ಬರೆಯುತ್ತಾಳೆ. ಹತ್ತರಂದು ಲೇಖನಿ ಕೆಳಗಿಟ್ಟು ಮತ್ತೆ ಎತ್ತಿಕೊಂಡ ಪತ್ರ. ಹದಿಮೂರರಂದು ಬರುವುದು ಅವಳ ಕೈಬರಹವಲ್ಲ, ಬಂಧು ಜಾನ್ ಥ್ಯಾಕ್ಸ್‌ಟರ್‌ನದು: ಹೆಣ್ಣುಮಗು, ಉಳಿಯಲಿಲ್ಲ, ತಾಯಿ ಕ್ಷೇಮ. ಹದಿನಾರರಂದು ಅಬಿಗೇಲ್ ತಾನೇ ಬರೆಯುತ್ತಾಳೆ. ಮಗು ಈ ಲೋಕದಲ್ಲಿ ಕಣ್ಣು ತೆರೆಯಲೇ ಇಲ್ಲ, ನಿದ್ದೆಗೆಂದು ಮುಚ್ಚಿದ ಹಾಗೆ ಕಾಣುತ್ತಿತ್ತು ಎನ್ನುತ್ತಾಳೆ. ಫಿಲಡೆಲ್ಫಿಯದಲ್ಲಿ ಜಾನ್‌ಗೆ ಸುದ್ದಿ ಮುಟ್ಟುವಾಗ ಜುಲೈ 28. ಎಂದೂ ಕಾಣದ, ಮುಂದೆಯೂ ಕಾಣಲಾರದ ಕೂಸಿನ ಮೇಲೆ ಇಷ್ಟು ಪ್ರೀತಿ ಹುಟ್ಟುವುದು ವಿಚಿತ್ರವಲ್ಲವೇ ಎಂದು ಅವನು ಆ ದಿನ ಹೆಂಡತಿಗೆ ಬರೆದ.